ಡಬ್ಬದ ಗಿಡ, ನೆಲದ ಗಿಡ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ‘ಲ್ಯಾಂಡ್‌ಸ್ಕೇಪಿಂಗ್’ ಎಂಬ ಪದವನ್ನು ಮೊದಲು ಬಾಯಿಗೆ ತಂದವಳು ನಾನೇ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳ ಬಾಯಿಂದ ಅನಗತ್ಯವಾಗಿ ಒಂದು ಇಂಗ್ಲಿಷ್ ಪದ ಜಾರಿದರೂ ಹುಬ್ಬು ಗಂಟಿಕ್ಕುತ್ತಿದ್ದೆ. ಅಂಥವಳು ನಿವೃತ್ತಿಯಾದ ಮೂರನೆಯ ತಿಂಗಳಿಗೆ, ಬೆಳಗಿನ ಕಾಫಿ ಹೀರುತ್ತಾ, ಗಂಡನಿಗೆ ಹೇಳಿದೆ: “ರೀ, ಮುಂದಿನ ಜಾಗಕ್ಕೆ ಸ್ವಲ್ಪ ಲ್ಯಾಂಡ್‌ಸ್ಕೇಪಿಂಗ್ ಮಾಡಿಸೋಣ್ವಾ?”

ಅವರು ಪತ್ರಿಕೆಯಿಂದ ತಲೆ ಎತ್ತದೆ, “ಹುಲ್ಲು ಹೆರೆಸೋದಾ?” ಎಂದರು.

“ಅಲ್ಲ, ಹುಲ್ಲು ಹಾಕಿಸೋದು.”

ಆಗ ತಲೆ ಎತ್ತಿದರು. ಅವರ ಆಶ್ಚರ್ಯದಲ್ಲಿ ತಪ್ಪಿರಲಿಲ್ಲ. ಕೊಡಗಿನಲ್ಲಿ ಮನುಷ್ಯ ವರ್ಷಕ್ಕೆ ಎಂಟು ತಿಂಗಳು ಹುಲ್ಲಿನ ಜೊತೆ ಯುದ್ಧ ಮಾಡುತ್ತಾನೆ. ಮೆಟ್ಟಿಲ ಸಂದಿಯಲ್ಲಿ, ಹಂಚಿನ ಮೇಲೆ, ಒಂದು ವಾರ ನಿಲ್ಲಿಸಿದ ಸ್ಕೂಟರಿನ ಸೀಟಿನ ಕೆಳಗೆ ಕೂಡ ಹಸಿರು ಮೂಡುವ ನಾಡು ಇದು. ಇಲ್ಲಿ ದುಡ್ಡು ಕೊಟ್ಟು ಹುಲ್ಲು ತರಿಸಿ ಹಾಸುವುದೆಂದರೆ ಸಮುದ್ರದ ದಂಡೆಯಲ್ಲಿ ಕೂತು ಉಪ್ಪಿನ ಪೊಟ್ಟಣ ಬಿಚ್ಚಿದ ಹಾಗೆ. ಆದರೂ ನನಗೆ ಹುಲ್ಲುಹಾಸು ಬೇಕಿತ್ತು. ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಮನೆ. ಮನೆಯ ಮುಂದೆ ಹನ್ನೊಂದು ಸೆಂಟು ಖಾಲಿ ಜಾಗ. ನನ್ನ ಗಂಡ ಶಂಕರ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಜಿಲ್ಲೆಯ ಅರ್ಧ ನೆಲವನ್ನು ಅಳೆದವರು, ಅದರಲ್ಲಿ ಒಂದು ಬೆಂಡೆ ಬೀಜವನ್ನೂ ಊರಿದವರಲ್ಲ. ನಾನಂತೂ ಪಾಠದಲ್ಲಿ ಬರುವ ತೋಟಗಳನ್ನು ಮಾತ್ರ ಬಲ್ಲವಳು. ನಮ್ಮ ಹಳೆಯ ಕಾವ್ಯಗಳಲ್ಲಿ ಉದ್ಯಾನದ ವರ್ಣನೆ ಇರಲೇಬೇಕೆಂಬ ನಿಯಮವಿದೆಯಷ್ಟೆ. ಆ ಉದ್ಯಾನಗಳಲ್ಲಿ ಮಾವು, ಮಲ್ಲಿಗೆ, ಅಶೋಕ, ಸಂಪಿಗೆ ಎಲ್ಲವೂ ಒಂದೇ ದಿನ ಹೂ ಬಿಡುತ್ತವೆ, ದುಂಬಿ ಸಮಯಕ್ಕೆ ಸರಿಯಾಗಿ ಬರುತ್ತದೆ, ಗೊಬ್ಬರದ ವಾಸನೆ ಯಾರ ಮೂಗಿಗೂ ಬಡಿಯುವುದಿಲ್ಲ. ನೀರು ಹಾಕಿದವರು ಯಾರು ಎಂಬುದನ್ನು ಯಾವ ಕವಿಯೂ ಹೇಳಿಲ್ಲ. ನಾನೂ ಪಾಠ ಮಾಡುವಾಗ ಕೇಳಿಕೊಂಡಿರಲಿಲ್ಲ.

ನಮ್ಮ ಮನೆಯಲ್ಲಿ ನೀರು ಹಾಕುತ್ತಿದ್ದವಳು ಅವ್ವ.

ಅವ್ವನಿಗೆ ಎಂಬತ್ತಮೂರು. ಅಪ್ಪ ತೀರಿಕೊಂಡ ಮೇಲೆ, ಆ ಹೊತ್ತಿಗೆ ಆರು ವರ್ಷದಿಂದ ನಮ್ಮ ಜೊತೆಗೇ ಇದ್ದಳು. ಬರುವಾಗ ಎರಡು ಟ್ರಂಕು, ಒಂದು ಹಾಸಿಗೆಸುತ್ತು ಮತ್ತು ಗಿಡ ತುಂಬಿದ ಮೂವತ್ತು ಡಬ್ಬಗಳನ್ನು ತಂದಳು. ಮೂವತ್ತು ಆಮೇಲೆ ನಲವತ್ತೊಂದಾಯಿತು. ಡಬ್ಬವೆಂದರೆ ಸುಮ್ಮನೆ ಡಬ್ಬವಲ್ಲ. ಹಳೆಯ ಡಾಲ್ಡಾ ಡಬ್ಬ, ಬಣ್ಣದ ಡಬ್ಬ, ಎಸ್ಟೇಟಿನಲ್ಲಿ ಮೈಲುತುತ್ತು ತುಂಬಿಕೊಂಡು ಬಂದಿದ್ದ ಡಬ್ಬ, ಹಿಡಿ ಮುರಿದ ಕುಕ್ಕರು, ನಾನು ಮಿಡ್ಲ್ ಸ್ಕೂಲಿಗೆ ಒಯ್ಯುತ್ತಿದ್ದ ತಗಡಿನ ಪೆಟ್ಟಿಗೆ. ಅವುಗಳಲ್ಲಿ ಜೆರೇನಿಯಂ, ಬೆಗೋನಿಯ, ಕನಕಾಂಬರ, ಸೇವಂತಿಗೆ, ಮರುಗ, ದೊಡ್ಡಪತ್ರೆ. ಮನೆಯ ಮೆಟ್ಟಿಲಿನಿಂದ ಗೇಟಿನವರೆಗೆ ಎರಡು ಸಾಲಾಗಿ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಅವು ನಿಂತಿರುತ್ತಿದ್ದವು. ಪಕ್ಕದಲ್ಲೇ ಹನ್ನೊಂದು ಸೆಂಟು ಕೆಂಪು ಮಣ್ಣು ಬಾಯಿ ತೆರೆದುಕೊಂಡು ಬಿದ್ದಿತ್ತು. “ನೆಲಕ್ಕೆ ಹಾಕವ್ವ” ಎಂದರೆ, “ಇರ್ಲಿ ಬುಡು” ಎನ್ನುತ್ತಿದ್ದಳು. ಮುದುಕರ ಅಭ್ಯಾಸ ಎಂದುಕೊಂಡು ನಾನೂ ಬಿಟ್ಟಿದ್ದೆ.

ಈ ಡಬ್ಬಗಳ ಮೂಲ ಹೇಳಬೇಕೆಂದರೆ ಅಪ್ಪನ ಕೆಲಸದ ವಿಷಯ ಹೇಳಬೇಕು. ಅಪ್ಪ ಅರಕಲಗೂಡಿನ ಕಡೆಯಿಂದ ಕೊಡಗಿಗೆ ಬಂದು ಕಾಫಿ ಎಸ್ಟೇಟಿನಲ್ಲಿ ರೈಟರಾದವನು. ರೈಟರ್ ಎಂದರೆ ಚೆಕ್‌ರೋಲ್ ಎಂಬ ಪುಸ್ತಕದಲ್ಲಿ ಆಳುಗಳ ಹಾಜರಿ ಬರೆಯುವವನು. ಇದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಮೈಸೂರಿನ ಕಾಲೇಜಿಗೆ ಸೇರಿದ ಮೊದಲ ವಾರ ಕನ್ನಡದ ಮೇಷ್ಟರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದಾಗ ಹೆಮ್ಮೆಯಿಂದ “ರೈಟರ್ ಸಾರ್” ಎಂದಿದ್ದೆ. ಅವರ ಮುಖ ಅರಳಿತು. “ಏನೇನು ಬರೆದಿದ್ದಾರೆ?” ಎಂದರು. “ಚೆಕ್‌ರೋಲ್ ಸಾರ್” ಎಂದೆ. ಅದು ಕಾದಂಬರಿಯೋ ನಾಟಕವೋ ಎಂದು ಅವರು ಬಹಳ ಹೊತ್ತು ಯೋಚಿಸಿದರು.

ರೈಟರನಿಗೆ ಎಸ್ಟೇಟಿನವರು ಕ್ವಾಟ್ರಸ್ ಕೊಡುತ್ತಿದ್ದರು. ಎಸ್ಟೇಟ್ ಬದಲಾದರೆ ಮನೆಯೂ ಬದಲು. ನಾನು ಮದುವೆಯಾಗುವಷ್ಟರಲ್ಲಿ ಐದು ಕ್ವಾಟ್ರಸ್ ಕಂಡಿದ್ದೆ. ಲಾರಿಗೆ ಮೊದಲು ಮಂಚ, ಬೆಂಚು, ಪಾತ್ರೆ ಮೂಟೆ ಏರುತ್ತಿದ್ದವು, ಕೊನೆಗೆ ಡಬ್ಬಗಳು. ಇಳಿಯುವಾಗ ಮೊದಲು ಡಬ್ಬಗಳು. ಹೊಸ ಮನೆಯಲ್ಲಿ ಒಲೆ ಹೂಡುವ ಮುಂಚೆ ಮೆಟ್ಟಿಲ ಬದಿಯಲ್ಲಿ ಜೆರೇನಿಯಂ ಕೂತಿರುತ್ತಿತ್ತು, ಹಾಗಾಗಿ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಹಳೆಯ ಮನೆಯೇ ಅನ್ನಿಸುತ್ತಿತ್ತು. ಕಕ್ಕಬ್ಬೆಯಿಂದ ಸಿದ್ದಾಪುರದ ಕಡೆಗೆ ಬಂದಾಗ ನನಗೆ ಏಳು ವರ್ಷ. ಗೆಳತಿಯರನ್ನು ಬಿಟ್ಟು ಬಂದ ದುಃಖಕ್ಕೆ ದಾರಿಯುದ್ದಕ್ಕೂ ಅತ್ತೆ. ಲಾರಿಯ ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೊಂದು ಡಬ್ಬ. ಅವ್ವ ಸಮಾಧಾನ ಹೇಳಲಿಲ್ಲ. “ಗಿಡ ಅಲ್ಲಾಡಿಸ್ಬೇಡ” ಎಂದಳು, ಅಷ್ಟೇ. ಆ ಸಲ ಅವಳ ಮುಖ ಕಲ್ಲಿನ ಹಾಗಿತ್ತು ಎಂಬುದು ನೆನಪಿದೆ. ಯಾಕೆಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಕೊಡಗಿನಲ್ಲಿ ‘ತೋಟ’ ಎಂದರೆ ಕಾಫಿ ತೋಟ ಒಂದೇ. “ತೋಟಕ್ಕೆ ಹೋಗಿದ್ದಾರೆ” ಎಂದರೆ ಯಾರೂ ಗುಲಾಬಿ ನೋಡಲು ಹೋಗಿದ್ದಾರೆಂದು ತಿಳಿಯುವುದಿಲ್ಲ. ಮನೆಯ ಮುಂದಿನ ಹೂವಿನ ಜಾಗಕ್ಕೆ ಕನ್ನಡದಲ್ಲಿ ಕೈತೋಟ ಎಂಬ ಒಳ್ಳೆಯ ಪದವಿದೆ. ಕೈಯಿಂದ ಮಾಡಿದ ತೋಟ ಎಂದು ವಿಗ್ರಹವಾಕ್ಯ ಬರೆಸುತ್ತಿದ್ದೆ ಮಕ್ಕಳಿಂದ. ಅವ್ವನ ಮಟ್ಟಿಗೆ ಅದು ಕೈಯಲ್ಲಿ ಎತ್ತಿಕೊಂಡು ಹೋಗುವ ತೋಟವಾಗಿತ್ತು. ವ್ಯಾಕರಣ ಅದಕ್ಕೆ ಏನೆನ್ನುತ್ತದೋ ಗೊತ್ತಿಲ್ಲ.

ಇರಲಿ, ಲ್ಯಾಂಡ್‌ಸ್ಕೇಪಿಂಗಿಗೆ ಬರೋಣ. ಮಡಿಕೇರಿಯಿಂದ ದೀಕ್ಷಾ ಎಂಬ ಹುಡುಗಿ ಬಂದಳು. ಮನೆಯಂಗಳಗಳನ್ನು ಚೆಂದ ಮಾಡಿಕೊಡುವುದೇ ಅವಳ ಉದ್ಯೋಗ. ಚುರುಕು, ನಗುಮುಖ, ಕೈಯಲ್ಲೊಂದು ಟ್ಯಾಬ್ಲೆಟ್. ನನ್ನ ಗಂಡ ಅಳತೆ ಹೇಳಿದರು, ಅವಳು ಬೆರಳಲ್ಲೇ ಗೆರೆ ಎಳೆದಳು. ನಡುವೆ ಹುಲ್ಲುಹಾಸು, ಅದನ್ನು ಬಳಸಿ ಕಲ್ಲುಚಪ್ಪಡಿಯ ದಾರಿ, ಬೇಲಿಯುದ್ದಕ್ಕೂ ಹೂವಿನ ಪಾತಿ, ಮೂಲೆಯಲ್ಲಿ ಕೂರಲು ಕಲ್ಲಿನ ಬೆಂಚು. ಪರದೆಯ ಮೇಲೆ ನಮ್ಮ ಮನೆ ಯಾರೋ ದೊರೆಯ ಬಂಗಲೆಯಂತೆ ಕಂಡಿತು. ಆಗ ನನಗೆ ಹೊಳೆಯಿತು, ಈ ಹುಲ್ಲುಹಾಸಿನ ಆಸೆ ಎಲ್ಲಿಯದೆಂದು. ಪ್ರತಿ ಎಸ್ಟೇಟಿನಲ್ಲೂ ಬಂಗಲೆಯ ಮುಂದೆ ಒಂದು ಲಾನ್ ಇರುತ್ತಿತ್ತು. ಅಪ್ಪ ಚೆಕ್‌ರೋಲ್ ತೋರಿಸಲು ಹೋದಾಗ ನಾನು ಜೊತೆಗೆ ಹೋಗಿ, ಅದರ ಅಂಚಿನಲ್ಲಿ, ಜಲ್ಲಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಯಾರೂ ಬರಬೇಡ ಎಂದಿರಲಿಲ್ಲ. ಬಾ ಎಂದೂ ಇರಲಿಲ್ಲ.

“ಆಂಟಿ, ಈ ಟಿನ್ ಎಲ್ಲಾ ತೆಗೀಬೇಕು” ಎಂದಳು ದೀಕ್ಷಾ. “ಗಿಡ ಚೆನ್ನಾಗುಂಟು, ನೆಲಕ್ಕೆ ಹಾಕಿಬಿಡುವ. ಟಿನ್ ಮಾತ್ರ ಲುಕ್ಕೇ ಹಾಳು ಮಾಡ್ತದೆ.”

ಅವ್ವ ಬಾಗಿಲಲ್ಲಿ ಕೂತು ಕೇಳಿಸಿಕೊಂಡಳು. “ನಿಮ್ಮನೆ, ನಿಮ್ಮಿಷ್ಟ” ಎಂದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಕನ್ನಡ ಟೀಚರಾಗಿ ಮಾತಿನ ಧ್ವನಿಯ ಬಗ್ಗೆ ನಾನು ಮಾಡಿದ ಪಾಠಗಳನ್ನೆಲ್ಲಾ ಆ ಕ್ಷಣ ಯಾರಾದರೂ ವಾಪಸು ಕೇಳಬಹುದಿತ್ತು.

ಮೇ ತಿಂಗಳಲ್ಲಿ ಅರಕಲಗೂಡಿನಲ್ಲಿ ನಮ್ಮ ಸಂಬಂಧಿಕರ ಮದುವೆ. ತಮ್ಮ ಬಂದು ಅವ್ವನನ್ನು ಎಂಟು ದಿನಕ್ಕೆ ಕರೆದುಕೊಂಡು ಹೋದ. ಅವಳು ಬರುವಷ್ಟರಲ್ಲಿ ಎಲ್ಲಾ ಮುಗಿಸಿ ಅಚ್ಚರಿಗೊಳಿಸೋಣ ಎಂದು ನನ್ನ ಯೋಚನೆ. ದೀಕ್ಷಾಳ ಆಳುಗಳು ನಡುವೆ ಹುಲ್ಲು ಹಾಸಿದರು, ಚಪ್ಪಡಿ ಕೂರಿಸಿದರು. ಪಾತಿಯ ಕೆಲಸ ನನ್ನದು ಮತ್ತು ಸೆಲ್ವಿಯದು. ಸೆಲ್ವಿ ಪಕ್ಕದ ಎಸ್ಟೇಟಿನ ಆಳುಗಳ ಲೈನುಮನೆಯಲ್ಲಿರುವ ಹೆಂಗಸು, ಕಾಫಿ ಹಣ್ಣಿನ ಪಿಕಿಂಗ್ ಇಲ್ಲದಾಗ ನಮ್ಮಲ್ಲಿಗೆ ಬರುತ್ತಾಳೆ. ಎರಡು ದಿನ ಕೂತು ನಲವತ್ತೊಂದು ಡಬ್ಬ ಖಾಲಿ ಮಾಡಿದೆವು. ತುಕ್ಕು ಹಿಡಿದ ತಳ ಬೇರಿಗೇ ಅಂಟಿಕೊಂಡಿರುತ್ತಿತ್ತು. ಕೆಲವನ್ನು ಕತ್ತರಿಸಿ ತೆಗೆಯಬೇಕಾಯಿತು. ಬೇರುಗಳು ಜಾಗ ಸಾಲದೆ ಸಿಂಬಿ ಸುತ್ತಿಕೊಂಡಿದ್ದವು.

“ಪಾವಂ, ಎಷ್ಟು ವರ್ಷ ಒಳಗೇ ಸುತ್ತಿದ್ದಾವೆ ನೋಡಿ ಟೀಚರ್” ಎಂದಳು ಸೆಲ್ವಿ.

ಡಬ್ಬಗಳನ್ನೆಲ್ಲ ಗುಜರಿಯವನ ಗಾಡಿಗೆ ಹಾಕಿದೆ. ಅವನು ಬದಲಿಗೆ ಒಂದು ಪ್ಲಾಸ್ಟಿಕ್ ಮಗ್ ಕೊಟ್ಟ.

ಅವ್ವ ಬಂದಳು. ಗೇಟಿನೊಳಗೆ ಕಾಲಿಟ್ಟು ನಿಂತಳು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ನಾನು ಮಕ್ಕಳ ಡ್ರಾಯಿಂಗ್ ತೋರಿಸುವವಳ ಹಾಗೆ ಹಲ್ಲು ಬಿಟ್ಟುಕೊಂಡು ನಿಂತಿದ್ದೆ. “ಚೆನ್ನಾಗೈತೆ” ಎಂದಳು. ಒಳಗೆ ಹೋಗಿ ಕೈಕಾಲು ತೊಳೆದು ಮದುವೆಯ ಲಾಡು ಕೊಟ್ಟಳು. ಹುಡುಗಿಯ ಸೀರೆಯ ಬಣ್ಣ ಹೇಳಿದಳು. ಡಬ್ಬದ ವಿಷಯ ಎತ್ತಲೇ ಇಲ್ಲ.

ಮಾರನೆಯ ಬೆಳಿಗ್ಗೆ ಹಾಲು ತರಲು ಹೊರಗೆ ಬಂದರೆ, ಅವ್ವ ಪಾತಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾಳೆ. ಕೈಯಲ್ಲಿ ದೋಸೆ ಸಟ್ಟುಗ. ಅದರಿಂದ ಮಣ್ಣು ಬಿಡಿಸಿ ಒಂದೊಂದೇ ಗಿಡ ಮೇಲೆತ್ತುತ್ತಿದ್ದಾಳೆ. ಸುತ್ತ ಸ್ನಾನದ ಮನೆಯ ಬಕೀಟು, ಖಾಲಿ ಐಸ್‌ಕ್ರೀಮ್ ಡಬ್ಬಿ, ಹಾಲಿನ ಪಾತ್ರೆ, ನನ್ನ ಹೊಸ ಪ್ರೆಶರ್ ಪ್ಯಾನ್. ಗುಜರಿಯವನ ಪ್ಲಾಸ್ಟಿಕ್ ಮಗ್ಗಿನಲ್ಲಿ ಆಗಲೇ ಮರುಗ ಕೂತಿತ್ತು. ಹದಿನೈದು ಗಿಡ ಎದ್ದಿದ್ದವು.

“ಅವ್ವ! ಏನ್ ಮಾಡ್ತಿದೀಯ?”

“ಕಾಣಲ್ವಾ? ಗಿಡ ಕೀಳ್ತಾ ಇದೀನಿ.”

“ನೆಲದಲ್ಲಿ ಚೆನ್ನಾಗಿ ಬೇರು ಬಿಡ್ತವೆ ಅಂತ ಹಾಕ್ಸಿದ್ದು ಕಣವ್ವ.”

“ಅದಕ್ಕೇ ಮಗ. ಬೇರು ಬಿಡೋಕೆ ಮೊದ್ಲೇ ಕೀಳ್ಬೇಕು. ಆಮೇಲೆ ಬರಲ್ಲ.”

ನನಗೆ ಸಿಟ್ಟು ಬಂತು. ಎರಡು ದಿನ ಸೊಂಟ ಮುರಿದುಕೊಂಡ ಸಿಟ್ಟು. “ಯಾರು ಕೀಳು ಅಂದ್ರು? ನಿನ್ನ ಮನೆ ಅಂಗಳದಲ್ಲಿ ನಿನ್ನ ಗಿಡ ನೆಟ್ರೆ ಏನಾಗತ್ತೆ?”

ಅವ್ವ ಸಟ್ಟುಗ ಕೆಳಗಿಟ್ಟಳು. ಅವಳ ದನಿಯಲ್ಲಿ ಜಗಳದ ಎಳೆಯೂ ಇರಲಿಲ್ಲ. “ನಿಮ್ಮನೆ ಕಣ್ ಮಗ ಇದು. ನಿಂದೂ ಅಳೀದೇವ್ರದೂ. ನಾನಿದೀನಿ, ಅಷ್ಟೆ. ನಾಳೆ ನಿನ್ ತಮ್ಮ ಬಾ ಅಂದ್ರೆ ಹೋಗ್ಬೇಕಾಯ್ತದೆ. ಡಬ್ಬ ಆದ್ರೆ ಎತ್ಕೊಂಡ್ ಹೋಗ್ಬೋದು. ನೆಲದಾಗಿರೋದು ನಮ್ದಲ್ಲ.”

ಆರು ವರ್ಷ! ಆರು ವರ್ಷ ಅವಳು ನಮ್ಮ ಜೊತೆ ಉಂಡಿದ್ದಳು, ನಕ್ಕಿದ್ದಳು, ನನ್ನ ಸಾರಿಗೆ ಉಪ್ಪು ಕಡಿಮೆ ಎಂದಿದ್ದಳು. ಅವಳು ಮನೆಯಲ್ಲಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳು ಆರನೆಯ ಕ್ವಾಟ್ರಸಿನಲ್ಲಿ ಇದ್ದಳು. ಅಲ್ಲೇ ಚಪ್ಪಡಿಯ ಮೇಲೆ ಕೂತುಬಿಟ್ಟೆ. “ನೆಲದಾಗಿರೋದು ನಮ್ದಲ್ಲ ಅಂತ ಯಾರು ಹೇಳಿದ್ರವ್ವ ನಿಂಗೆ?”

ಆಗ ಅವಳು ಕಕ್ಕಬ್ಬೆಯ ಕತೆ ಹೇಳಿದಳು. ಐವತ್ತು ವರ್ಷಕ್ಕೂ ಮಿಕ್ಕಿ ಹಳೆಯ ಕತೆ, ನಾನು ಮೊದಲ ಸಲ ಕೇಳಿದ್ದು.

ಕಕ್ಕಬ್ಬೆಯ ಎಸ್ಟೇಟ್ ಅಪ್ಪನ ಮೊದಲ ಕೆಲಸ. ರಿಟೈರ್ ಆಗುವವರೆಗೂ ಇಲ್ಲೇ ಇರಬಹುದು ಎಂದು ಮ್ಯಾನೇಜರು ಹೇಳಿದ್ದರಂತೆ. ಬಂಗಲೆಯ ಮಾಲಿ ಚಾತು ಎಂಬ ಮಲಯಾಳದ ಮುದುಕ. ಗುಲಾಬಿ ಸವರಿದ ದಿನ, ಎಸೆಯುವ ಕಡ್ಡಿಗಳಲ್ಲಿ ಚೆನ್ನಾಗಿರುವುದೊಂದನ್ನು ಬೇಲಿಯಾಚೆಯಿಂದ ಅವ್ವನಿಗೆ ಕೊಟ್ಟ. ತಿಳಿಗುಲಾಬಿ ಬಣ್ಣದ ಗೊಂಚಲು ಗುಲಾಬಿ, ಹಬ್ಬಿಕೊಳ್ಳುವ ಜಾತಿ. ಅವ್ವ ಅದನ್ನು ಜಗಲಿಯ ಕಂಬದ ಬುಡದಲ್ಲಿ ನೆಲಕ್ಕೇ ನೆಟ್ಟಳು. ಮೂರು ವರ್ಷದಲ್ಲಿ ಕಂಬ ಹತ್ತಿ, ಹಂಚಿನ ಮೇಲೆ ಹಬ್ಬಿತು. ನಾಲ್ಕನೆಯ ವರ್ಷ, ಮೈತುಂಬ ಹೂ ಬಿಟ್ಟ ವಾರವೇ ಎಸ್ಟೇಟ್ ಬೇರೆಯವರ ಕೈಗೆ ಹೋಯಿತು. ಅಪ್ಪ ಬೇರೆ ಕಡೆ ಕೆಲಸ ಹುಡುಕಿಕೊಂಡ. ಲಾರಿ ಬಂದ ದಿನ ಅವ್ವ ಹಾರೆ ಹಿಡಿದು ಗುಲಾಬಿ ಬುಡಕ್ಕೆ ಹೋದಳು. ಅಷ್ಟು ಹೊತ್ತಿಗೆ ಹೊಸ ರೈಟರ ಸಂಸಾರ ಬಂದು ಜಗಲಿಯಲ್ಲಿ ಸಾಮಾನಿಳಿಸಿತ್ತು.

“ಅವನ ಹೆಂಡ್ತಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ಲು. ‘ಅಕ್ಕ, ಡಬ್ಬದಲ್ಲಿರೋದು ನಿಮ್ದು. ನೆಲದಲ್ಲಿರೋದು ಎಸ್ಟೇಟಿಂದಲ್ವಾ?’ ಅಂದ್ಲು. ನಿಮ್ಮಪ್ಪ ಬುಡು ಬಾ ಅಂದ್ರು. ಬಂದೆ. ಅವಳು ಆಗ್ಲೇ ಒಂದು ಗೊಂಚಲು ಕಿತ್ತು ಮುಡ್ಕೊಂಡಿದ್ಲು ಕಣೆ!”

“ಒಂದು ಕಡ್ಡಿ ಮುರ್ಕೊಂಡು ಬರ್ಬಾರ್ದಿತ್ತೇನವ್ವ?”

“ರೋಸ! ಬ್ಯಾಡ ಅಂದವ್ರ ಹತ್ರ ಕಡ್ಡಿ ಯಾಕೆ ಅನ್ನೋ ರೋಸ. ಆಗ ನಂಗೆ ಇಪ್ಪತ್ತೊಂಬತ್ತು.”

ನನಗೆ ಏಳು ವರ್ಷದವಳ ತೊಡೆಯ ಮೇಲಿನ ಡಬ್ಬ, ಪಕ್ಕದಲ್ಲಿ ಕಲ್ಲಿನಂತಿದ್ದ ಮುಖ ಎರಡೂ ಒಟ್ಟಿಗೆ ಕಂಡವು. ಅವಳ ಕೈಯ ಮಣ್ಣು ಒರೆಸಿದೆ. ಅವಳು ಕೈ ಬಿಡಿಸಿಕೊಂಡು ಹದಿನಾರನೆಯ ಗಿಡಕ್ಕೆ ಸಟ್ಟುಗ ಹಾಕಿದಳು.

ಈ ಮಾತುಕತೆಯನ್ನೆಲ್ಲ ಕಿಟಕಿಯಿಂದ ಕೇಳಿಸಿಕೊಂಡಿದ್ದ ನನ್ನ ಗಂಡ ತಿಂಡಿಯ ಹೊತ್ತಿಗೆ, “ಅತ್ತೆ, ಭಾನುವಾರ ಕಕ್ಕಬ್ಬೆಗೆ ಹೋಗಿ ಬರೋಣ್ವಾ? ಕಾರಿದೆ” ಎಂದರು. ನಾನು ಬೇಡವೆಂದು ಕಣ್ಣಲ್ಲಿ ಹೇಳಿದೆ. ಆ ಗುಲಾಬಿ ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ. ಅವ್ವ ಮಾತ್ರ ದೋಸೆ ಮುರಿಯುತ್ತಾ, “ಹೋಗಾಣ” ಎಂದಳು.

ಮಡಿಕೇರಿ ದಾಟಿ, ನಾಪೋಕ್ಲು ದಾಟಿ ಹೋದೆವು. ಬೆಟ್ಟ ಹತ್ತಿರವಾದ ಹಾಗೆ ಅವ್ವ ಸೀಟಿನ ತುದಿಗೆ ಬಂದಳು. ಬಂಗಲೆಯ ದಾರಿ ಅವಳೇ ತೋರಿಸಿದಳು. ಹೋಗಿ ನೋಡಿದರೆ ಬಂಗಲೆ ಇತ್ತು, ಹೋಮ್‌ಸ್ಟೇ ಆಗಿತ್ತು. ನಮ್ಮ ಕ್ವಾಟ್ರಸ್ ಇದ್ದ ಜಾಗದಲ್ಲಿ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸಿದ್ದರು. ಕಂಬವಿಲ್ಲ, ಜಗಲಿಯಿಲ್ಲ, ಹಂಚಿಲ್ಲ. ಎದುರಿಗಿದ್ದ ಹಲಸಿನ ಮರವೊಂದೇ ಸಾಕ್ಷಿ.

ಮನೆಯೊಡತಿ ಮುತ್ತಮ್ಮ ಹೊರಗೆ ಬಂದರು. ನನ್ನಷ್ಟೇ ವಯಸ್ಸಿನ ಕೊಡವ ಹೆಂಗಸು. ನಾವು ಯಾರೆಂದು ಹೇಳಿದ ಕೂಡಲೇ ಅವ್ವನ ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಅವ್ವ ಕಾಫಿ ಲೋಟ ಮುಟ್ಟುವ ಮೊದಲೇ ಕೇಳಿದಳು: “ಇಲ್ಲೊಂದು ಗೊಂಚಲು ಗುಲಾಬಿ ಇತ್ತಲ್ಲವ್ವ?”

“ಗುಲಾಬಿಯಾ? ನಾವು ಜಾಗ ತಗೊಳ್ಳುವಾಗ ಇಲ್ಲಿ ಗೋಡೆಯೇ ಬಿದ್ದಿತ್ತಲ್ಲ ಅಮ್ಮ. ಬರೀ ಕಾಡು.”

“ನಾವು ಹೋದ್ಮೇಲೆ ಒಬ್ಬ ರೈಟರು ಬಂದಿದ್ರಲ್ಲ. ಅವರ ಮನೆಯೋರು?”

“ಅವರು ಎಲ್ಲಿ ಇದ್ದರು! ನಮ್ಮ ಮಾವ ಆಚೆ ತೋಟದವರು, ಅವರು ಹೇಳ್ತಿದ್ದರು. ಆ ರೈಟರು ಒಂದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಹೋದರಂತೆ. ಆಮೇಲೆ ಕ್ವಾಟ್ರಸಿಗೆ ಯಾರೂ ಬರ್ಲಿಲ್ಲ.”

ಅವ್ವ ಇಂಟರ್‌ಲಾಕಿನ ಕಡೆ ನೋಡಿದಳು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡು ಎದ್ದೆ. ಅವಳು ನಗುತ್ತಿದ್ದಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

“ಒಂದೇ ವರ್ಷ! ಅಯ್ಯೋ ಶಿವನೇ, ಒಂದೇ ವರ್ಷ! ನಾನು ಐವತ್ತು ವರ್ಷದಿಂದ ದಿನಾ ಬೆಳಗಾದ್ರೆ ಅವಳು ಹೂ ಮುಡ್ಕೊಂಡು ಜಗಲೀಲಿ ಕೂತವ್ಳೆ ಅಂತ ಹೊಟ್ಟೆ ಉರ್ಕೊಂಡಿದೀನಲ್ಲೇ!” ಎಂದಳು. ನಗು ಇಳಿದ ಮೇಲೆ ಬೇರೆಯೇ ದನಿಯಲ್ಲಿ, “ಪಾಪ, ಅವಳೂ ಬುಟ್ಟೇ ಹೋದ್ಲು” ಎಂದಳು.

ಹೊರಡುವಾಗ ಬಂಗಲೆಯ ಗೋಡೆಯುದ್ದಕ್ಕೂ ಬೆಳೆದಿದ್ದ ಹೈಡ್ರೇಂಜಿಯದ ಮುಂದೆ ಅವ್ವ ನಿಂತಳು. ದೊಡ್ಡ ದೊಡ್ಡ ನೀಲಿ ಹೂಚೆಂಡುಗಳು. “ಒಂದು ಕಡ್ಡಿ ಕೊಡ್ತೀಯವ್ವ?” ಎಂದು ಕೇಳಿದಳು. ಮುತ್ತಮ್ಮ, “ಕಡ್ಡಿ ಎಂತ ಅಮ್ಮ, ಬೇರು ಸಮೇತವೇ ಕೊಡ್ತೇನೆ” ಎಂದು ಬುಡದಿಂದ ಒಂದು ಮರಿಗಿಡ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟರು. ದಾರಿಯುದ್ದಕ್ಕೂ ಅದು ಅವ್ವನ ತೊಡೆಯ ಮೇಲೇ ಇತ್ತು. ಮೂರ್ನಾಡಿನ ಹತ್ತಿರ ತಿರುವಿನಲ್ಲಿ ನನ್ನ ಗಂಡ ಬ್ರೇಕು ಹಾಕಿದಾಗ, “ಮೆಲ್ಲಗೆ ಅಳೀದೇವ್ರೇ, ಗಿಡ ಐತೆ” ಎಂದಳು. ಜನ ಇದ್ದೇವೆಂಬುದು ಆಮೇಲಿನ ಮಾತು.

ಮನೆ ತಲುಪಿದಾಗ ಇನ್ನೂ ಸಂಜೆಯ ಬಿಸಿಲಿತ್ತು. ನಾನು ಪಾಠ ಕಲಿತವಳ ಹಾಗೆ ಒಳಗೋಡಿ ಇದ್ದುದರಲ್ಲಿ ಒಳ್ಳೆಯ ಬಕೀಟು ತಂದೆ. ಅವ್ವ ಬಕೀಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನ್ನ ಗಂಡ ಕೇಳಿದರು: “ಎಲ್ಲಿ ಅಗೀಲಿ ಹೇಳಿ ಅತ್ತೆ.”

ಎಲ್ಲಿ ಹಾಕಬೇಕೆಂದು ಕೇಳಬಹುದಿತ್ತು. ಅವರು ಎಲ್ಲಿ ಅಗೆಯಲಿ ಎಂದು ಕೇಳಿದರು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಆ ಮನುಷ್ಯ ಆಡಿದ ಅತ್ಯುತ್ತಮ ವಾಕ್ಯ ಅದು. ಭಾಷೆ ಕಲಿಸಿದವಳು ನಾನು, ಅದು ಬಂದದ್ದು ಅವರಿಗೆ.

ಅವ್ವ ಕೋಲೂರಿಕೊಂಡು ನಡೆದಳು. ಪಾತಿಯ ಕಡೆಗಲ್ಲ. ಮೂರು ವಾರ ಯಾರೂ ಮೆಟ್ಟಬಾರದೆಂದು ದೀಕ್ಷಾ ಆಣೆ ಹಾಕಿಸಿಕೊಂಡು ಹೋಗಿದ್ದ ಹೊಸ ಹುಲ್ಲುಹಾಸಿನ ಮೇಲೆ ಸೀದಾ ಹೋಗಿ, ನಟ್ಟನಡುವೆ ಕೋಲು ಕುಟ್ಟಿದಳು. “ಇಲ್ಲಿ.”

ಇವರು ಗುದ್ದಲಿ ತಂದರು. “ಸರಿಯಾಗಿ ಮಧ್ಯಕ್ಕೇ ಬಂದಿದೆ, ಟೇಪೇ ಬೇಡ” ಎಂದು ಮೆಚ್ಚಿಕೊಂಡು ಮೊದಲ ಏಟು ಹಾಕಿದರು. ಹುಲ್ಲಿನ ಚಾಪೆ ಚರ್ರೆಂದು ಹರಿಯಿತು. ನಾನೂ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹೋಗಿ ಮಣ್ಣೆಳೆದೆ. ತಣ್ಣಗಿತ್ತು. ಅವ್ವ ಗೋಣಿ ಬಿಚ್ಚಿ, ಗಿಡ ಇಳಿಸಿ, ಎರಡೂ ಕೈಯಲ್ಲಿ ಮಣ್ಣು ಒತ್ತಿದಳು. ಒತ್ತಿದ ಮೇಲೂ ಒಂದಷ್ಟು ಹೊತ್ತು ಕೈ ತೆಗೆಯಲಿಲ್ಲ.

ಒಂದು ವಾರ ಬಿಟ್ಟು ದೀಕ್ಷಾ ಫೋಟೋ ತೆಗೆಯಲು ಬಂದಳು. “ಅಯ್ಯೋ ಆಂಟಿ! ಲಾನ್ ಮಧ್ಯ!” ಎಂದು ತಲೆಯ ಮೇಲೆ ಕೈಯಿಟ್ಟಳು. ಅವ್ವ ಮೆಟ್ಟಿಲ ಮೇಲೆ ಕೂತು ಅವಳನ್ನೇ ನೋಡುತ್ತಿದ್ದಳು. ಹುಡುಗಿ ಜಾಣೆ. ಅರ್ಧ ನಿಮಿಷ ಯೋಚಿಸಿ, “ಆಯ್ತು, ಫೋಕಲ್ ಪಾಯಿಂಟ್ ಅಂತ ಇಟ್ಕೊಳ್ಳುವ” ಎಂದಳು. ಅದೇನೆಂದು ಅವ್ವ ಕೇಳಿದಾಗ ನಾನು ಕೇಂದ್ರಬಿಂದು ಎಂದು ಅನುವಾದಿಸಿದೆ. “ಅಷ್ಟ್ ದೊಡ್ ಹೆಸ್ರು ಬ್ಯಾಡ, ಅದು ಹೂವಿನ ಗಿಡ” ಎಂದಳು ಅವ್ವ.

ಕಿತ್ತಿಟ್ಟಿದ್ದ ಗಿಡಗಳಲ್ಲಿ ಹೆಚ್ಚಿನವನ್ನು ಆ ಮಳೆಗಾಲಕ್ಕೆ ಮೊದಲೇ ಅವಳೇ ನಿಂತು ನೆಲಕ್ಕೆ ಹಾಕಿಸಿದಳು. ಏಳೆಂಟು ಈಗಲೂ ಬಕೀಟುಗಳಲ್ಲಿವೆ. ನನ್ನ ಪ್ರೆಶರ್ ಪ್ಯಾನ್ ವಾಪಸು ಬರಲಿಲ್ಲ. ಅದರಲ್ಲಿ ಬೆಗೋನಿಯ ಚೆನ್ನಾಗಿ ಹೊಂದಿಕೊಂಡಿದೆಯಂತೆ.

ಮರುವರ್ಷ ಹೈಡ್ರೇಂಜಿಯ ಹೂಬಿಟ್ಟಿತು. ನೀಲಿಯಲ್ಲ, ನಸುಗೆಂಪು! ಅವ್ವನಿಗೆ ಮುತ್ತಮ್ಮನ ಮೇಲೆ ಅನುಮಾನ ಬಂತು. ನಾನು ಪುಸ್ತಕ ನೋಡಿ ವಿವರಿಸಿದೆ: ಈ ಗಿಡಕ್ಕೆ ತನ್ನದೆಂಬ ಬಣ್ಣ ಗಟ್ಟಿಯಿಲ್ಲ, ಹುಳಿ ಮಣ್ಣಾದರೆ ನೀಲಿ, ಸುಣ್ಣದ ಮಣ್ಣಾದರೆ ಕೆಂಪು. ಮನೆ ಕಟ್ಟುವಾಗ ಸುಣ್ಣ ಸಿಮೆಂಟು ಕಲಸಿದ್ದು ಸರಿಯಾಗಿ ಆ ಜಾಗದಲ್ಲೇ. ಅವ್ವ ಪೂರ್ತಿ ಕೇಳಿ, “ಹಂಗಾದ್ರೆ ಈ ಮನೇದೇ ಹೂ ಅನ್ನು” ಎಂದಳು. ಪುಸ್ತಕದಲ್ಲಿ ಅದನ್ನು ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಮೊನ್ನೆ ಪಕ್ಕದ ಬಾಡಿಗೆ ಮನೆಗೆ ಹೊಸಬರು ಬಂದರು. ಗಂಡ ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿದ್ದು ವರ್ಗವಾಗಿ ಬಂದ ಅರಣ್ಯ ಇಲಾಖೆಯ ನೌಕರ. ಹೆಂಡತಿ ಅಶ್ವಿನಿ, ಹೊಸ ಮದುವಣಗಿತ್ತಿ. ಮೂರನೆಯ ದಿನವೇ ಗೇಟಿನ ಹತ್ತಿರ ನಿಂತು, “ಅಜ್ಜಿ, ಆ ಹೂವಿಂದು ಒಂದು ಕಡ್ಡಿ ಕೊಡ್ತೀರಾ? ಕುಂಡ ತಂದಿಟ್ಟಿದೀನಿ” ಎಂದಳು.

ಅವ್ವ ಗೆಣ್ಣಿನ ಕೆಳಗೆ ಸರಿಯಾಗಿ ಕಡ್ಡಿ ಮುರಿದು, ಅಡಿಯ ಎಲೆ ಬಿಡಿಸಿ ಕೊಟ್ಟಳು. “ಕುಂಡ ಯಾಕವ್ವ? ನೆಲಕ್ಕೇ ಹಾಕು. ಮಧ್ಯಾಹ್ನದ ಬಿಸ್ಲು ತಾಗದಂಗೆ.”

“ಬಾಡಿಗೆ ಮನೆ ಅಲ್ವಾ ಅಜ್ಜಿ. ಎರಡು ವರ್ಷಕ್ಕೆ ಇವರಿಗೆ ಮತ್ತೆ ವರ್ಗ ಆಗತ್ತೆ.”

“ಆಗ್ಲಿ. ಎರಡು ವರ್ಷ ನೀನು ನೋಡ್ತೀಯ. ಆಮೇಲೆ ಬರೋಳು ನೋಡ್ತಾಳೆ.”

ಹುಡುಗಿ ತಲೆಯಾಡಿಸಿ ಹೊರಟಳು. ಅವಳು ಗೇಟು ಹಾಕುವಷ್ಟರಲ್ಲಿ ಅವ್ವನಿಗೆ ಏನೋ ಮರೆತದ್ದು ನೆನಪಾದಂತಾಯಿತು.

“ಏ ಮಗ, ಇಲ್ ಕೇಳು” ಎಂದು ಕೂಗಿದಳು. “ಹೋಗೋ ದಿನ ಒಂದು ಕಡ್ಡಿ ಮುರ್ಕೊಂಡ್ ಹೋಗೋದ್ ಮಾತ್ರ ಮರೀಬ್ಯಾಡ. ಬರೋಳ ಮ್ಯಾಲೆ ಎಷ್ಟೇ ಕ್ವಾಪ ಬಂದಿರ್ಲಿ!”